ತಿಪ್ಪವ್ವನ ಕಲ್ಲಿನ ಕೆಳಗೆ ಮಳೆನೀರಿನ ಕೊಳವೆ

ಲಕ್ಷ್ಮೇಶ್ವರದ ಕಾಲುವೆ ಓಣಿಯಲ್ಲಿ ಒಂದು ದೊಡ್ಡ ಮಳೆ ಬಂದರೆ ಸಾಕು, ತಿಪ್ಪವ್ವನ ಮನೆಯೊಳಗೆ ನೀರು. ಮೇಲಿನ ಓಣಿಗಳಿಂದ ಹರಿದು ಬಂದ ಮಳೆನೀರು ಹಳೇ ಕಾಲುವೆಯ ಕಲ್ಲುದಂಡೆಗೆ ಬಡಿದು, ಆಚೆಯ ಹಳ್ಳಕ್ಕೆ ಹೋಗಲಾರದೆ ಹಿಂದಕ್ಕೆ ನುಗ್ಗುತ್ತಿತ್ತು. ಈ ಸಲ ಮನೆಯಲ್ಲಿ ಬಾಣಂತಿ ಮಗಳು ನೀಲಾ, ಹದಿನೈದು ದಿನದ ಕೂಸು ಬೇರೆ! ಮೊದಲ ಮಳೆಗೇ ನೀರು ಮಂಚದ ಕಾಲು ಮುಟ್ಟಿತು.

ಮಳೆನೀರಿನ ಕೊಳವೆಯನ್ನು ಕಾಲುವೆಯ ತಳದಡಿ ಹಾಯಿಸಿ ಹಳ್ಳಕ್ಕೆ ಬಿಡುವ ಪುರಸಭೆಯ ಯೋಜನೆ ತಯಾರಾಗಿತ್ತು. ಕಾಲುವೆ ನೋಡಿಕೊಳ್ಳುವ ಹನ್ನೆರಡು ಮನೆತನಗಳು ಒಪ್ಪಬೇಕು. ಹನ್ನೊಂದು ಸಹಿ ಬಿದ್ದಿದ್ದವು. ಉಳಿದದ್ದು ಯಾರದು ಅಂತೀರಿ? ಮನೆ ಮುಳುಗುತ್ತಿದ್ದ ತಿಪ್ಪವ್ವನದೇ!

ಕಾರಣ ಕಾಲುವೆಯ ದಂಡೆಯಲ್ಲಿದ್ದ ಒಂದು ಬಟ್ಟೆ ಒಗೆಯುವ ಕಲ್ಲು. ಅದಕ್ಕೆ ಬಾಣಂತಿ ಕಲ್ಲು ಅಂತ ಹೆಸರು. ತಿಪ್ಪವ್ವನ ಅತ್ತೆಯ ಕಾಲದಿಂದಲೂ ಕೂಸನ್ನು ತಂದೆಯ ಮನೆಗೆ ಕಳಿಸುವ ಮುನ್ನ ಅದರ ತಲೆಗೆ ಹೊದಿಸುವ ಕುಂಚಿಗೆಯನ್ನು ಅದೇ ಕಲ್ಲಿನ ಮೇಲೆ ಒಗೆಯುವ ಪದ್ಧತಿ. ಕೊಳವೆ ಹಾಯಬೇಕಾದದ್ದು ಸರಿಯಾಗಿ ಅದರಡಿಯೇ. ಎಂಜಿನಿಯರ್ ಕೌಸರ ಅಲ್ಲಿ ಸುಣ್ಣದಿಂದ ಗುರುತು ಹಾಕಿ ಹೋದರೆ, ತಿಪ್ಪವ್ವ ಬೆಳಿಗ್ಗೆ ತೆಂಗಿನ ನಾರು ಹಿಡಿದು ತಿಕ್ಕಿ ತೊಳೆದುಬಿಡುತ್ತಿದ್ದಳು. ಮೂರು ಸಲ ಹೀಗೇ ಆಯಿತು.

ನಾಲ್ಕನೇ ಸಲ ಕೌಸರ ಕಾದು ಕೂತಿದ್ದಳು. ಅವಳೂ ಅದೇ ಓಣಿಯಲ್ಲಿ ಬೆಳೆದವಳು.

"ತಿಪ್ಪಕ್ಕಾ, ಕಲ್ಲು ಭಾಳ ಸ್ವಚ್ಛ ಆಗೈತಲ್ಲ!"

"ಹೂಂ ಮತ್ತ! ನೀ ದಿನಾ ಹೊಲಸು ಮಾಡಿ ಹೋದ್ರ ನಾ ತಿಕ್ಕಬ್ಯಾಡೇನು?"

ಕೌಸರ ನಕ್ಕಳು. "ಖರೆ ಹೇಳ್ರಿ, ಏನು ಅಂಜಿಕಿ?"

"ಇವತ್ತ ಕೊಳವಿ ಅಂತೀರಿ, ನಾಳೆ ಕಾಲುವೀನ ನಮ್ಮದು ಅಂತೀರಿ. ಸಹಿ ಮಾಡಿದ್ರ ಮಾರಿದಂಗ ಅಲ್ಲೇನು?"

ಚಹಾ ತಂದ ಗಂಡ ಅಂದಪ್ಪ ನಡುವೆ ಬಾಯಿ ಹಾಕಿದ. "ಲೇ, ನಮ್ಮ ಹೊಲದಾಗ ಬಾಜೂ ಹೊಲದ ಬೀರಲಿಂಗಪ್ಪನ ಬಂಡಿ ಮೂವತ್ತು ವರ್ಷದಿಂದ ಹಾಯಾಕತ್ತೈತಿ. ಹೊಲ ಅವಂದಾತೇನು?"

"ಅದ್ಹೆಂಗ ಆಗತೈತಿ? ಹಾಯಾಕ ಅಷ್ಟ ಬಿಟ್ಟೇವಿ."

"ಇದೂ ಅಷ್ಟರಿ," ಎಂದಳು ಕೌಸರ. "ಕೊಳವಿ ಹಾಯಾಕ, ಕೆಟ್ರ ರಿಪೇರಿ ಮಾಡಾಕ ದಾರಿ ಕೊಡೋದು. ಕಾಲುವಿ ಮೊದಲಿನಂಗ ನಿಮ್ಮದ."

ತಿಪ್ಪವ್ವ ಅಷ್ಟಕ್ಕೇ ಕರಗುವವಳಲ್ಲ. "ಬಾಯಿಮಾತು ಬ್ಯಾಡ. ಚರಂಡಿ ನೀರು ಒಂದು ಹನಿ ಕಾಲುವಿಗಿ ಬೀಳಬಾರದು. ತಗದ ಕಲ್ಲು ಇದ್ದಲ್ಲೇ ಕುಂಡ್ರಬೇಕು. ಎಲ್ಲಿ ಬರದೀರಿ, ತೋರಸು."

ನೀಲಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಕೌಸರ ಕೊಟ್ಟ ಒಪ್ಪಿಗೆಯ ಕಾಗದ ಪೂರ್ತಿ ಓದಿದಳು. ಚರಂಡಿ ನೀರಿನ ಮಾತಿತ್ತು, ಕಲ್ಲಿನ ಮಾತಿರಲಿಲ್ಲ!

ಕೌಸರ ಹಣೆ ಚಚ್ಚಿಕೊಂಡಳು. "ಹನ್ನೊಂದು ಮಂದಿ ಸಹಿ ಮಾಡಿದ್ರು, ಒಬ್ಬರೂ ಕೇಳಲಿಲ್ಲ ನೋಡ್ರಿ! ಚಲೋ ಆತು, ಸೇರಸೋಣು."

ಹೊಸ ಕಾಗದ ಬಂತು, ಹನ್ನೆರಡೂ ಸಹಿ ಬಿದ್ದವು. ಕೆಲಸದ ದಿನ ಪ್ರತಿ ಕಲ್ಲಿಗೂ ನಂಬರ್ ಬರೆದು ಎತ್ತಿಟ್ಟರು. ಬಾಣಂತಿ ಕಲ್ಲಿಗೆ ಮಾತ್ರ ತಿಪ್ಪವ್ವ ತಾನೇ ಕುಂಕುಮ ಹಚ್ಚಿ, "ಇದನ್ನ ಯಾರರ ಅಳಿಸಿದ್ರ ನೋಡ್ರಿ!" ಎಂದಳು. ಓಣಿಯೆಲ್ಲ ನಕ್ಕಿತು.

ತಿಂಗಳಾದ ಮೇಲೆ ಮಳೆ ಜಡಿಯಿತು. ಅಂದಪ್ಪ ರೂಢಿಯಂತೆ ಜೋಳದ ಚೀಲ ಮಂಚಕ್ಕೇರಿಸಿದ. ತಿಪ್ಪವ್ವ ಬಕೆಟ್ ಹಿಡಿದು ಹೊಸ್ತಿಲಲ್ಲಿ ನಿಂತಳು. ಬೀದಿಯ ನೀರು ಗಳಗಳ ಎಂದು ಕೊಳವೆ ಸೇರಿ ಹೋಯಿತು. ಹೊಸ್ತಿಲು ದಾಟಲಿಲ್ಲ. ಒಳಗೆ ಕೂಸು ಹಾಯಾಗಿ ಮಲಗಿತ್ತು. ತಿಪ್ಪವ್ವನ ಕಣ್ಣು ಖುಷಿಯಿಂದ ತುಂಬಿತು.

ನೀಲಾ ಗಂಡನ ಊರು ಹಮ್ಮಿಗಿಗೆ ಹೊರಟ ದಿನ ತಿಪ್ಪವ್ವ ಬಾಣಂತಿ ಕಲ್ಲಿನ ಮೇಲೆ ಕುಂಚಿಗೆ ಒಗೆಯುತ್ತಿದ್ದಳು. ಕಲ್ಲು ಇದ್ದಲ್ಲೇ ಇತ್ತು, ಕಾಲುವೆಯ ನೀರು ತಿಳಿಯಾಗಿತ್ತು.

"ಏನ್ರಿ ತಿಪ್ಪಕ್ಕಾ, ಸಹಿ ಮಾಡಿದ್ದು ಮಾರಿದಂಗ ಆತೇನು?" ಕೌಸರ ಛೇಡಿಸಿದಳು.

"ಮಾರಿದ್ರ ಇಲ್ಲಿ ಯಾಕ ಒಗೀತಿದ್ದೆ? ದೂರ ನಿಂದ್ರು, ನೀರು ಸಿಡೀತೈತಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಗೂ ಮಳೆನೀರಿಗೆ ದಾರಿ ಕೇಳುತ್ತ ಯಾರಾದರೂ ಕಾಗದ ಹಿಡಿದು ಬರಬಹುದು. ಓದದೆ ಸಹಿ ಹಾಕಬೇಡಿ, ಓದದೆ ಅವರನ್ನು ಓಡಿಸಲೂ ಬೇಡಿ. ಕೂರಿಸಿಕೊಂಡು ಓದಿಸಿ, ಕೇಳಿ, ಬೇಕಾದದ್ದನ್ನು ಬರೆಸಿಕೊಳ್ಳಿ. ಆಮೇಲೆ ಮನಸಾರೆ ದಾರಿ ಬಿಡಿ. ನೀವು ಬಿಡದಿದ್ದರೆ ನೀರು ನಿಮ್ಮ ಮನೆಯೊಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ.