ಸೀಟಿನೊಳಗಿನ ಡ್ರೈವರ್

ಎಲೆಕ್ಟ್ರಿಕ್ ಕಾರು ಕಂಪನಿ ಇನ್ನೂ ಬಾಡಿಗೆ ಶೆಡ್ಡಿನಲ್ಲಿದ್ದಾಗಲೇ ಅವನು ಅಲ್ಲಿ ಡ್ರೈವರ್ ಆಗಿ ಸೇರಿದ್ದ. ಹೊಸ ಕಾರುಗಳನ್ನು ಓಡಿಸಿ ನೋಡುವುದು ಅವನ ಕೆಲಸ. ಒಂದು ದಿನ ಮಾಲೀಕರು ಹೆಗಲ ಮೇಲೆ ಕೈ ಹಾಕಿ, "ನೀನು ಸಣಕಲ, ಅದೇ ನಮ್ಮ ಪುಣ್ಯ ಕಣಯ್ಯ. ಸೀಟಿನ ಕವರಿನೊಳಗೆ ಕೂತ್ಕೊಂಡು ಓಡಿಸು. ಕಾರು ತಾನೇ ಹೋಗೋ ಹಾಗೆ ಕಾಣ್ಬೇಕು. ಇನ್ನೆರಡು ತಿಂಗಳಿಗೆ ನಿಜವಾಗ್ಲೂ ಹೋಗುತ್ತೆ ಬಿಡು" ಎಂದರು.

ಸೀಟಿನ ಸ್ಪಂಜು ಕಿತ್ತು ಅವನನ್ನು ಒಳಗೆ ತುರುಕಿದರು. ಕಣ್ಣಿಗೆ ಎರಡು ತೂತು. ಸ್ಟೇರಿಂಗನ್ನು ಕೆಳಗಿನಿಂದ ಬೆರಳ ತುದಿಯಲ್ಲಿ ಹಿಡಿದು, ಬೆವರು ಸುರಿಸುತ್ತ, ಬೆಟ್ಟದ ತಿರುವುಗಳನ್ನೆಲ್ಲ ನಯವಾಗಿ ದಾಟಿಸಿದ. ಅದನ್ನು ವಿಡಿಯೋ ಮಾಡಿ ಎಲ್ಲ ಕಡೆ ಹಾಕಿದರು, ನೋಡಿದ ಜನ ಬೆರಗಾದರು. ಶೆಡ್ಡು ಹೋಗಿ ಗಾಜಿನ ಕಟ್ಟಡ ಬಂತು, ಅವನಿಗೆ ಬಡ್ತಿಯೂ ಬಂತು. ಎರಡು ತಿಂಗಳು ಹೋಗಿ ಎರಡು ವರ್ಷವಾಯಿತು. ಒತ್ತಿದರೆ ಕಾರು ತಾನೇ ಓಡುವಂಥ ಗುಂಡಿಯೇನೋ ಬಂತು. ಆದರೆ ಅದು ನೇರ ರಸ್ತೆಯಲ್ಲಿ ಸರಿ, ತಿರುವು ಬಂದರೆ ಕೈಕೊಡುತ್ತಿತ್ತು. ಓಡಿಸಿ ನೋಡಿದ್ದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವಂಗೆ ಆ ಕಾರೇ ಬೇಕಂತೆ. ನಿಜವಾಗ್ಲೂ ತಾನೇ ಓಡುತ್ತೇನೋ?"

"ಓಡುತ್ತಕ್ಕ," ಅಂದುಬಿಟ್ಟ. ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರು.

ಭಾವ ಗಡಿಯಾರ ರಿಪೇರಿ ಮಾಡುವವರು. ಕಾರು ಕೊಂಡ ಮೂರನೇ ವಾರ ಅದು ತಿರುವಿನಲ್ಲಿ ನೇರ ಹೋಗಿ ಗೋಡೆಗೆ ಗುದ್ದಿ, ಅವರ ಬಲಗೈ ನುಜ್ಜುಗುಜ್ಜಾಯಿತು. ಆಸ್ಪತ್ರೆಯಲ್ಲಿ ಅವನನ್ನು ಕಂಡದ್ದೇ, "ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ. ಪೊಲೀಸರಿಗೂ ಹಾಗೇ ಹೇಳಿದೀನಿ. ನಿನ್ನ ಕೆಲಸಕ್ಕೆ ಕುತ್ತು ಬರಬಾರದು ನೋಡು," ಅಂದರು.

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡೇ ಸೀಟಿನ ಕತೆಯನ್ನೂ ತಿರುವಿನ ವಿಷಯವನ್ನೂ ಹೇಳಿದ. ಭಾವ ಗೋಡೆ ಕಡೆ ಮುಖ ತಿರುಗಿಸಿದರು. ಅಕ್ಕ ಮಾತ್ರ, "ನಾನು ಕೇಳ್ದಾಗ ಒಂದು ಮಾತು ಹೇಳೋಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತಾ?" ಅಂದಳು.

ಮಾರನೇ ದಿನ ತನಿಖಾಧಿಕಾರಿಗಳ ಮುಂದೆ ಕೂತು ಎಲ್ಲವನ್ನೂ ಬರೆದುಕೊಟ್ಟ. ಕೆಲಸ ಹೋಯಿತು. ಮಾಲೀಕರು ಟಿವಿಯಲ್ಲಿ ನಗುತ್ತ, "ಯಾರೋ ಹೊಟ್ಟೆಕಿಚ್ಚಿನವನ ಕಿತಾಪತಿ" ಎಂದರು. ಸರ್ಕಾರ ಆ ಗುಂಡಿಯ ಬಳಕೆ ನಿಲ್ಲಿಸಿತು, ಕಾರುಗಳ ಮಾರಾಟ ನಿಲ್ಲಲಿಲ್ಲ.

ಈಗ ಅವನು ದಿನಾ ಬೆಳಿಗ್ಗೆ ಭಾವನ ಅಂಗಡಿಗೆ ಹೋಗುತ್ತಾನೆ. ಭಾವ ಎಡಗೈಯಲ್ಲಿ ತೋರಿಸುತ್ತಾರೆ, ಇವನು ಸ್ಕ್ರೂ ಬಿಚ್ಚುತ್ತಾನೆ. ಬೇರೆ ಮಾತಿಲ್ಲ. ಮೊನ್ನೆ ಗಡಿಯಾರ ಕೊಡಲು ಬಂದ ಒಬ್ಬರು, "ಯಾರು ಸ್ವಾಮಿ ಇವರು? ಹೊಸಬರಾ?" ಎಂದು ಕೇಳಿದರು.

"ಇಲ್ಲ, ನಮ್ಮ ಮನೆಯವನೇ," ಅಂದರು ಭಾವ.

ಬೈದಿದ್ದರೂ ತಡೆದುಕೊಳ್ಳುತ್ತಿದ್ದ. ಆ ಮಾತು ಕೇಳಿ ಅವನಿಗೆ ತಲೆ ಎತ್ತಲಾಗಲಿಲ್ಲ.