ನೀರಿನೊಳಗಿನ ಎಣಿಕೆ

ಇನ್ನೂ ಐದು ಸೆಕೆಂಡು ತೆಗೆದರೆ ಅಪ್ಪನಿಗೆ ಗೊತ್ತಾಗಿಬಿಡಬಹುದೇ? ಅರವತ್ತಿದ್ದದ್ದನ್ನು ಐವತ್ತು ಮಾಡಿದಾಗ ಗೊತ್ತಾಗಲಿಲ್ಲ. ಐವತ್ತನ್ನು ನಲವತ್ತು ಮಾಡಿದಾಗಲೂ ಆಗಲಿಲ್ಲ. ಹಾಗೆಂದು ಇಳಿಸುತ್ತಲೇ ಹೋಗುವುದು ಸರಿಯೇ? ಇಷ್ಟಕ್ಕೂ ಇದನ್ನು ಏನೆಂದು ಕರೆಯಬೇಕು, ಮೋಸವೆಂದೇ? ಮೋಸವೇ ಇರಬಹುದು. ಆದರೆ ಹೇಳಿ ಮಾಡಿದರೆ ಅಪ್ಪ ಗಡಿಯಾರವನ್ನು ಬಿಚ್ಚಿಟ್ಟು ಬರಿಗೈಯಲ್ಲಿ ನೀರಿಗೆ ಇಳಿಯುತ್ತಾನೆ. ಆಗ ಅವನನ್ನು ಮೇಲಕ್ಕೆ ಕರೆಯಲು ಏನೂ ಇರುವುದಿಲ್ಲ.

ರವಿಕುಮಾರ ಕೈಗಡಿಯಾರದ ಗುಂಡಿಯಿಂದ ಬೆರಳು ತೆಗೆದ. ನಲವತ್ತೇ ಇರಲಿ.

ಯಗಟಿಯಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಅವನು ಜಗಲಿಯ ಮೇಲೆ ಕೂತಿದ್ದ. ಮುಂದೆ ಒಂದು ಸ್ಟೀಲ್ ಬಟ್ಟಲು, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಮೆತ್ತನೆಯ ಬಟ್ಟೆ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಗಡಿಯಾರದ ಪಕ್ಕದಲ್ಲಿರುವ ಸೂಜಿಮೊನೆಯಂಥ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಅದು ಗಾಳಿಯ ಒತ್ತಡವನ್ನೂ ಎತ್ತರವನ್ನೂ ತಪ್ಪು ತೋರಿಸುತ್ತಿತ್ತು. ಅದಕ್ಕೇ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತಿದ್ದ.

ಒಳಗಿಂದ ಬಂದ ಅವ್ವ ಅಂಜಿನಮ್ಮ ಅದನ್ನು ನೋಡಿ, "ಕುಡಿಯೋ ನೀರಾಗೆ ಸ್ನಾನ! ಈ ಮನೀಗೆ ಸೊಸೆ ಬಂದಿದ್ರೂ ಇಷ್ಟು ಉಪಚಾರ ನಡೀತಿರ್ಲಿಲ್ಲ ಕಣೋ," ಎಂದಳು.

"ಸೊಸೆಗೆ ಚಾರ್ಜ್ ಹಾಕ್ಬೇಕಾಗಿಲ್ಲವಲ್ಲವ್ವ."

"ಮಾತಿಗೇನೂ ಕಮ್ಮಿ ಇಲ್ಲ ನಿಂಗೆ."

ಅವನ ಅಪ್ಪ ಈರಭದ್ರಪ್ಪ ಕುರಿ ಸಾಕುವವನು, ಮೂರು ಎಕರೆಯಲ್ಲಿ ರಾಗಿ ಬೆಳೆಯುವವನು. ಆದರೆ ಕಡೂರು, ಅಜ್ಜಂಪುರ, ತರೀಕೆರೆ ಸುತ್ತಿನ ಹಳ್ಳಿಗಳವರು ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಕುರಿಗೂ ಅಲ್ಲ, ರಾಗಿಗೂ ಅಲ್ಲ. ಯಾರಾದರೂ ಕೆರೆಯಲ್ಲೋ ಬಾವಿಯಲ್ಲೋ ಮುಳುಗಿ ಹೋದರೆ ಅವರನ್ನು ಮೇಲೆ ತರುವುದಕ್ಕೆ. ಅವನು ತಳದವರೆಗೆ ಇಳಿದು, ಕೈಯಿಂದಲೇ ತಡಕಿ, ಸೊಂಟಕ್ಕೆ ಹಗ್ಗ ಸುತ್ತಿ, ಹೆಣಕ್ಕೆ ಒಂದು ಗೀರೂ ಬೀಳದ ಹಾಗೆ ತರುತ್ತಿದ್ದ. ಅದಕ್ಕಾಗಿ ಎಲೆಯಡಿಕೆ, ಒಂದು ಹೊಸ ಟವೆಲ್ಲು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಹಾಗೆ ನೀರಿಗೆ ಹೋಗಿ ಬಂದ ಯಾವುದೂ ಮನೆಯ ಹೊಸಿಲು ದಾಟುವಂತಿರಲಿಲ್ಲ. ಪಂಚೆ, ಹಗ್ಗ, ಟವೆಲ್ಲು ಎಲ್ಲ ಹೊರಗೇ. ಅಂಜಿನಮ್ಮ ಅವುಗಳ ಮೇಲೆ ಅರಿಶಿನ ಮತ್ತು ಉಪ್ಪು ಕದಡಿದ ನೀರು ಸುರಿಯುತ್ತಿದ್ದಳು. ಗಡಿಯಾರ ಬಂದ ಹೊಸದರಲ್ಲಿ ಅದಕ್ಕೂ ಸುರಿದಳು. ವಾರ ಕಳೆಯುವುದರೊಳಗೆ ಹಿಂಬದಿಯ ಚಾರ್ಜಿಂಗ್ ಬಿಂದುಗಳು ಹಸಿರಾಗಿ, ಗಡಿಯಾರ ಸತ್ತಂತಾಯಿತು. ರವಿಕುಮಾರ ಅದನ್ನು ಒರೆಸಿ, ತಿಕ್ಕಿ, ಒಣಗಿಸಿ ಮತ್ತೆ ಜೀವ ಬರಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಉಪ್ಪು ಇದಕ್ಕೆ ವಿಷ ಎಂದು ತಿಳಿಹೇಳಿದ. ಉಪ್ಪಿಲ್ಲದೆ ಮೈಲಿಗೆ ಹೇಗೆ ಹೋಗುತ್ತದೆ ಎಂದು ಅವಳು ಕೇಳಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಅರಿಶಿನದ ನೀರು ಬೆಲ್ಟಿಗೆ ಮಾತ್ರ, ಗಡಿಯಾರಕ್ಕೆ ಬರೀ ನೀರು, ಆದರೆ ಅದು ಜಗಲಿ ಬಿಟ್ಟು ಒಳಗೆ ಬರಕೂಡದು. ಹಾಗಾಗಿ ಕಿಟಕಿಯ ಸರಳುಗಳ ನಡುವೆ ಒಂದು ವೈರು ಎಳೆದು ಅವನು ಅದನ್ನು ಜಗಲಿಯ ಮೇಲೆಯೇ ಚಾರ್ಜ್ ಮಾಡುತ್ತಿದ್ದ.

ಬಿ.ಎಸ್ಸಿ. ಮುಗಿಸಿ ರವಿಕುಮಾರ ಕಡೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ತೂಕದ ಯಂತ್ರದ ಮುಂದೆ ಕೂರುವ ಕೆಲಸಕ್ಕೆ ಸೇರಿದ್ದ. ಗಡಿಯಾರ ಸಿಕ್ಕಿದ್ದು ಅಲ್ಲೇ ಪಕ್ಕದ ಮೊಬೈಲ್ ಅಂಗಡಿಯಲ್ಲಿ. ಬೆಟ್ಟ ಹತ್ತುವ ಯಾರೋ ಹೊಸದು ಕೊಂಡು ಹಳೆಯದನ್ನು ಬಿಟ್ಟು ಹೋಗಿದ್ದರು. ಅದರಲ್ಲಿ ದಿಕ್ಸೂಚಿ ಇತ್ತು, ಎತ್ತರ ಅಳೆಯುವುದಿತ್ತು, ಮಳೆಗಾಳಿಯ ಮುನ್ಸೂಚನೆ ಇತ್ತು, ನಾಡಿಬಡಿತ ತೋರಿಸುವ ಹಸಿರು ದೀಪವಿತ್ತು, ಉಪಗ್ರಹ ನೋಡಿ ದಾರಿ ಹೇಳುವುದಿತ್ತು. ಅಪ್ಪನಿಗೆ ಬೇಕಾದದ್ದು ಇದಾವುದೂ ಅಲ್ಲ. ಇಷ್ಟು ಹೊತ್ತಾಯಿತು, ಮೇಲೆ ಬಾ ಎಂದು ಮಣಿಕಟ್ಟಿನ ಮೇಲೆ ನಡುಗುವುದು, ಅಷ್ಟೇ. ಎಣಿಕೆ ಶುರು ಮಾಡುವ ಮೇಲಿನ ಗುಂಡಿಗೆ ರವಿಕುಮಾರ ಕೆಂಪು ಉಗುರುಬಣ್ಣ ಬಳಿದುಕೊಟ್ಟಿದ್ದ. ನೀರೊಳಗೆ ಗುಂಡಿ ಒತ್ತಿದರೆ ಸಂದಿಯಿಂದ ನೀರು ನುಗ್ಗಬಹುದು, ಅದಕ್ಕೆ ಮುಳುಗುವ ಮೊದಲೇ ಒತ್ತಬೇಕು ಎಂದು ಹೇಳಿಕೊಟ್ಟಿದ್ದ. ಕನ್ನಡಕವಿಲ್ಲದೆ ಅಪ್ಪನಿಗೆ ಅಂಕಿಗಳು ಕಾಣುತ್ತಿರಲಿಲ್ಲ.

ಗಡಿಯಾರಕ್ಕೆ ಮೊದಲು ಅಪ್ಪ ರಾಗಿ ಅಳೆಯುವ ಹಾಗೆ ಎಣಿಸುತ್ತಿದ್ದ. ಒಂದು ಎನ್ನುವ ಬದಲು ಲಾಭ, ಆಮೇಲೆ ಎರಡು, ಮೂರು. ಅರವತ್ತು ಎಣಿಸುವಷ್ಟು ಹೊತ್ತು ತಳದಲ್ಲಿ ಇರುತ್ತಿದ್ದ, ಅದಕ್ಕೇ ಗಡಿಯಾರಕ್ಕೂ ಮೊದಲು ಅರವತ್ತು ಸೆಕೆಂಡೇ ಇಟ್ಟದ್ದು. ಹೋದ ಬೇಸಿಗೆಯಲ್ಲಿ ಒಂದು ಬಾವಿಯಿಂದ ಮೇಲೆ ಬಂದಾಗ ತುಟಿ ನೀಲಿಯಾಗಿ, ಸಂಜೆಯವರೆಗೂ ಮಾತು ಹೊರಡಲಿಲ್ಲ. ಶ್ವಾಸಕೋಶ ದಣಿದಿದೆ, ಇನ್ನು ನೀರು ಬೇಡ ಎಂದು ಕಡೂರಿನ ಡಾಕ್ಟರು ಹೇಳಿದರು. "ಡಾಕ್ಟ್ರು ಯಾವತ್ತಾದ್ರೂ ಕೆರೆ ತಳ ನೋಡವ್ರಾ?" ಎಂದು ಅಪ್ಪ ನಕ್ಕುಬಿಟ್ಟ. ಗಡಿಯಾರದ ಮಾತನ್ನಾದರೂ ಕೇಳುತ್ತಾನಲ್ಲ ಎಂದು ರವಿಕುಮಾರ ಅದರ ಹೊತ್ತನ್ನು ಇಳಿಸತೊಡಗಿದ್ದು ಆಮೇಲೆ.

ಅಷ್ಟರಲ್ಲಿ ಫೋನು ಬಂತು. ಅಜ್ಜಂಪುರದ ಆಟೋ ಡ್ರೈವರ್ ತಿಪ್ಪೇಶ್. ಇಂಥ ಕೆಲಸಗಳಿಗೆ ಹಗ್ಗ ಹಿಡಿಯುವವನು ಅವನೇ.

"ರವಿ, ಅಣ್ಣನ್ನ ಕರ್ಕೊಂಡ್ ಬಾರಪ್ಪ. ನಮ್ಮ ಕಡೆ ಒಂದು ಹಳ್ಳೀಲಿ ಬೆನಕಪ್ಪ ಅಂತ. ಪಂಪ್‌ಸೆಟ್ಟಿನ ಪೈಪಿಗೆ ಕಸ ಸಿಕ್ಕೊಂಡಿತ್ತಂತೆ, ತೆಗೀತೀನಿ ಅಂತ ನಿನ್ನೆ ಸಂಜೆ ಕೆರೆಗಿಳಿದೋನು ಮೇಲ್ ಬಂದಿಲ್ಲ."

ಅಪ್ಪ ಆಗಲೇ ಹೊರಗೆ ಬಂದು ಕೈ ಚಾಚಿದ್ದ. ರವಿಕುಮಾರ ಗಡಿಯಾರವನ್ನು ಒರೆಸಿ, ಬೆಲ್ಟು ಬಿಗಿದ.

ಕಡೂರು, ಬೀರೂರು ದಾಟಿ ಬೈಕಿನಲ್ಲಿ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಏರಿಯ ಮೇಲೆ ಜನ ತುಂಬಿದ್ದರು. ತೂಬಿನ ಹತ್ತಿರ ಬೆನಕಪ್ಪನ ಚಪ್ಪಲಿ ಬಿಟ್ಟಲ್ಲೇ ಇತ್ತು. ಯಾರೋ ಪಾತಾಳಗರಡಿ ತಂದು ಕಲ್ಲಿನ ಮೇಲೆ ಇಟ್ಟಿದ್ದರು. ಬಾವಿಗೆ ಬಿದ್ದ ಕೊಡ ಎತ್ತುವ, ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣ. ಅದರ ಮೇಲಿಂದ ಕಣ್ಣು ತೆಗೆಯದೆ ಬೆನಕಪ್ಪನ ಹೆಂಡತಿ ಹೇಮಾವತಿ ಕೂತಿದ್ದಳು.

ಅಪ್ಪನನ್ನು ಕಂಡದ್ದೇ ಎದ್ದು ಬಂದಳು. "ಯಜಮಾನ್ರೇ, ಅದ್ನ ಹಾಕಿಸ್‌ಬ್ಯಾಡ್ರಿ. ಮಗಳು ಶಿವಮೊಗ್ಗದಿಂದ ಬತ್ತಾವ್ಳೆ. ಅವ್ಳು ಅಪ್ಪನ ಮುಖ ನೋಡ್ಬೇಕು."

"ಹಾಕಲ್ಲ ಕಣವ್ವ. ಕೈಯಾಗೇ ತತ್ತೀನಿ," ಎಂದ ಈರಭದ್ರಪ್ಪ.

ತಿಪ್ಪೇಶ್ ಹಗ್ಗ ಬಿಚ್ಚುತ್ತ, ಅಲ್ಲಿನ ಭಾರವನ್ನು ಕಡಿಮೆ ಮಾಡಲೆಂದೋ ಏನೋ, "ಅಣ್ಣ, ಟೈಮ್ ಎಷ್ಟಾಯ್ತು?" ಎಂದ.

"ನಂಗೇನ್ ಗೊತ್ತೋ. ಇದು ಟೈಮ್ ಹೇಳಲ್ಲ, ಕರೀತದೆ ಅಷ್ಟೇ."

ಮೊದಲ ಸಲ ಇಳಿದು ಬಂದಾಗ, ತಳದಲ್ಲಿ ಜಾಲಿಯ ಬೊಡ್ಡೆಗಳಿವೆ, ಕೆಸರು ಮೊಣಕೈವರೆಗೆ ಇದೆ ಎಂದ. ಸ್ವಲ್ಪ ಉಸಿರು ಹಿಡಿದು ಎರಡನೆಯ ಸಲ ಇಳಿದ. ಈ ಸಲ ಮೇಲೆ ಬಂದವನ ಮುಖ ಬೇರೆ ಥರ ಇತ್ತು. ದಡಕ್ಕೆ ಬಂದು ಮಗನ ಕಿವಿಯ ಹತ್ತಿರ ಬಾಯಿ ತಂದ.

"ಸಿಕ್ಕಿದ್ದ ಕಣೋ. ಅಂಗಿ ತುದಿ ಕೈಗೆ ಬಂತು. ಬೊಡ್ಡೆಗೆ ತಗಲಾಕ್ಕೊಂಡವ್ನೆ, ಬಿಡಿಸ್ತಿದ್ದೆ. ಅಷ್ಟ್ರಾಗೆ ಇದು ಕರೀತು."

ರವಿಕುಮಾರ ಅವನ ಹೆಗಲಿಗೆ ಟವೆಲ್ಲು ಹೊದಿಸಿದ.

"ಇದ್ನ ಒಂಚೂರು ಜಾಸ್ತಿ ಮಾಡಾಕಾಯ್ತದಾ? ಇನ್ನೊಂದಿಷ್ಟು ಹೊತ್ತಿದ್ರೆ ಬಿಡಿಸ್ಬಿಡ್ತೀನಿ."

ಅಪ್ಪನ ಕೈ ಅವನ ಮುಂದಿತ್ತು. ಬೆರಳುಗಳು ಬೆಳ್ಳಗೆ ಮುದುಡಿದ್ದವು. ರವಿಕುಮಾರ ಗುಂಡಿ ಒತ್ತಿ ಗಡಿಯಾರದ ಸೆಟ್ಟಿಂಗಿನ ಒಳಗೆ ಹೋದ. ನಲವತ್ತು ಎಂದು ಕಾಣಿಸಿತು. ಐದೈದರಂತೆ ನಾಲ್ಕು ಒತ್ತು ಸಾಕಿತ್ತು, ಅರವತ್ತಾಗುತ್ತಿತ್ತು. ಹೇಮಾವತಿ ಅವನ ಬೆರಳನ್ನೇ ನೋಡುತ್ತಿದ್ದಳು, ಬೆನಕಪ್ಪನ ಮುಖ ಆ ಬೆರಳ ತುದಿಯಲ್ಲೇ ಇರುವ ಹಾಗೆ. ಅವನು ತಲೆ ಎತ್ತಿ ಅಪ್ಪನ ತುಟಿ ನೋಡಿದ. ಅಂಚಿನಲ್ಲಿ ಆ ನೀಲಿ ಆಗಲೇ ಹತ್ತಿತ್ತು. ಗಡಿಯಾರದ ಮೂಲೆಯಲ್ಲಿ ನಾಡಿಯ ಅಂಕಿ ಏರಿದ್ದು ಇಳಿಯುತ್ತಿರಲಿಲ್ಲ.

ಏನನ್ನೂ ಬದಲಿಸದೆ ಅವನು ಹೊರಗೆ ಬಂದ.

"ಮಾಡಿದೀನಿ."

"ಎಷ್ಟು?"

"ಎಪ್ಪತ್ತು."

"ಭೇಷ್," ಎಂದ ಅಪ್ಪ. ಕೆಂಪು ಗುಂಡಿ ಒತ್ತಿ ಮುಳುಗಿದ.

ಆ ಹೊತ್ತು ರವಿಕುಮಾರನಿಗೆ ನೀರಿನ ಸದ್ದೂ ಕೇಳಲಿಲ್ಲ. ಎಳೆದ ಹಾಗೆ ಹಗ್ಗ ಒಮ್ಮೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಕೆಸರು ಕದಡಿ ಮೇಲೆಲ್ಲ ಗುಳ್ಳೆ ಎದ್ದವು. ಗುಳ್ಳೆಗಳ ನಡುವೆ ಅಪ್ಪನ ತಲೆ ಎದ್ದಿತು. ಕೈ ಖಾಲಿ ಇತ್ತು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರುವಂತೆ ಕಾಣಲಿಲ್ಲ. ತಿಪ್ಪೇಶ್ ಮತ್ತು ಅವನು ಸೇರಿ ರಟ್ಟೆ ಹಿಡಿದು ಎಳೆದು ಕಲ್ಲಿನ ಮೇಲೆ ಕೂರಿಸಿದರು.

"ಸಾಕು ಬಿಡಣ್ಣ," ಎಂದ ತಿಪ್ಪೇಶ್. "ನಿನ್ನೂ ಹುಡುಕೋ ಹಂಗೆ ಮಾಡ್ಬ್ಯಾಡ."

ಈರಭದ್ರಪ್ಪ ಕೈ ಎತ್ತಿ ಇನ್ನೊಂದು ಸಲ ಎಂಬಂತೆ ಸನ್ನೆ ಮಾಡಿದ. ಏಳಲು ಹೋದ, ಕಾಲು ನಿಲ್ಲಲಿಲ್ಲ. ಮತ್ತೆ ಕೂತ. ಆಮೇಲೆ ಹೇಮಾವತಿಯ ಕಡೆ ತಿರುಗಿ ತಲೆ ಅಲ್ಲಾಡಿಸಿದ.

ಹಿರಿಯರು ಮಾತಾಡಿಕೊಂಡು ಪಾತಾಳಗರಡಿ ಬಿಟ್ಟರು. ತುಂಬ ಹೊತ್ತೇನೂ ಹಿಡಿಯಲಿಲ್ಲ. ಬೆನಕಪ್ಪ ಮೇಲೆ ಬಂದಾಗ ಒಂದು ಕೊಕ್ಕೆ ಕೆನ್ನೆಗೆ ನಾಟಿತ್ತು. ಯಾರೋ ತಕ್ಷಣ ಟವೆಲ್ಲಿನಿಂದ ಮುಖ ಕಟ್ಟಿದರು. ಮಗಳು ಬಂದಾಗ ಕಟ್ಟು ಬಿಚ್ಚಲಿಲ್ಲ. ಅವಳು ಪಾದ ಹಿಡಿದುಕೊಂಡು ಕೂತಳು. ಹೇಮಾವತಿ ಈರಭದ್ರಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಎಲೆಯಡಿಕೆಯ ತಟ್ಟೆ, ಹೊಸ ಟವೆಲ್ಲು ಕಳಿಸಿದಳು. ಅಪ್ಪ ಮುಟ್ಟಲಿಲ್ಲ.

ವಾಪಸು ಬರುವಾಗ ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯಲು ನಿಂತರು. ಬಿಸಿಲಿದ್ದರೂ ಅಪ್ಪ ನಡುಗುತ್ತಿದ್ದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ತರೀಕೆರೆ ಬಸ್ಸು ಬಂದು, ಜನ ಹತ್ತಿ, ಹೋಯಿತು.

"ಎಪ್ಪತ್ತು ಇಟ್ಟಿದ್ದೆ ಅಲ್ವಾ?" ಎಂದ ಅಪ್ಪ.

"ಹೂಂ."

"ಎಪ್ಪತ್ತ್ರಾಗೂ ಆಗ್ಲಿಲ್ಲ ನೋಡು." ಒಂದು ಗುಟುಕು ಕುಡಿದ. "ಇನ್ನೊಂದು ಕೇಳು. ಗಡಿಯಾರ ಬಂದ್ಮೇಲೂ ನಾನು ಎಣಿಸೋದ್ ಬಿಟ್ಟಿಲ್ಲ. ಅಭ್ಯಾಸ. ಲಾಭ, ಎರಡು, ಮೂರು ಅಂತ ಒಳಗೊಳಗೇ ನಡೀತಿರ್ತದೆ. ಮೊದ್ಲೆಲ್ಲ ಇದು ಕರೆಯೋ ಹೊತ್ಗೆ ನಾನೂ ಅರವತ್ತಕ್ಕೆ ಬಂದಿರ್ತಿದ್ದೆ. ಆಮೇಲೆ ಐವತ್ತಾಗೋದ್ರಾಗೇ ಕರೆಯಾಕ್ ಶುರುವಾಯ್ತು, ನಂದೇ ನಿಧಾನ ಅಂದ್ಕೊಂಡೆ. ಇವತ್ತು ಎಪ್ಪತ್ತಾದ್ರೂ ನನ್ನ ಎಣಿಕೆ ನಲವತ್ತು ದಾಟ್ಲಿಲ್ಲ ಕಣೋ."

ರವಿಕುಮಾರ ತನ್ನ ಲೋಟದ ತಳ ನೋಡುತ್ತಿದ್ದ.

"ಉಸಿರು ಹೋದ್ರೆ ಹೋಗ್ಲಿ ಅಂತಿದ್ದೆ. ಎಣಿಕೆನೇ ಹೋಯ್ತಲ್ಲೋ. ತಲೆನೇ ನಿಧಾನ ಆಗೋಯ್ತು. ಇಂಥೋನು ನೀರಿಗಿಳೀಬಾರ್ದು."

ಅಪ್ಪ ಬೆಲ್ಟು ಬಿಚ್ಚಿದ. ಒದ್ದೆ ಮಣಿಕಟ್ಟಿನ ಮೇಲೆ ಅದರ ಗುರುತು ಬಿದ್ದಿತ್ತು. ಗಡಿಯಾರವನ್ನು ಟೀ ಅಂಗಡಿಯ ಬೆಂಚಿನ ಮೇಲೆ ಇಟ್ಟು, ಮಗನ ಕಡೆಗೆ ಸರಿಸಿದ.

ಇನ್ನು ನೀರಿಲ್ಲ ಎಂಬ ಮಾತನ್ನು ಕೇಳಬೇಕೆಂದು ರವಿಕುಮಾರ ಎಷ್ಟು ಸಲ ಅಂದುಕೊಂಡಿದ್ದ. ಈಗ ಅದು ಕಿವಿಗೆ ಬಿದ್ದಿತ್ತು. ಅವನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡ. ಒದ್ದೆಯಲ್ಲೇ ಜೇಬಿಗೆ ಹಾಕಬಾರದು, ಮೊದಲು ಒರೆಸಬೇಕು ಎಂಬುದು ಬೀರೂರು ದಾಟಿದ ಮೇಲೆ ನೆನಪಾಯಿತು.

ಮುಂದೆ ಫೋನು ಬಂದಾಗಲೆಲ್ಲ ಅಪ್ಪನೇ ತೆಗೆದುಕೊಂಡು, "ನನ್ ಕೈಲಾಗಲ್ಲಪ್ಪ, ಬೇರೆಯೋರ್ನ ನೋಡ್ಕಳ್ರಿ" ಎನ್ನುತ್ತಿದ್ದ. ಬರಬರುತ್ತ ಫೋನುಗಳೂ ಕಡಿಮೆಯಾದವು. ಗಡಿಯಾರ ಇನ್ನು ನೀರಿಗೆ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಂಜಿನಮ್ಮನೇ ಅದನ್ನು ಒಳಗೆ ತಂದು ದೇವರ ಗೂಡಿನ ಕೆಳಗೆ ಮೊಳೆಗೆ ನೇತುಹಾಕಿದಳು. ರವಿಕುಮಾರ ಅದನ್ನು ಪೂರ್ತಿ ಬರಿದಾಗಲು ಬಿಡುತ್ತಿರಲಿಲ್ಲ. ಬರಿದಾಗಿ ಬಹಳ ದಿನ ಇದ್ದರೆ ಬ್ಯಾಟರಿ ಕೆಡುತ್ತದೆ. ಮಂಡಿಯಿಂದ ಬಂದು ಕೈಕಾಲು ತೊಳೆದು ಅದನ್ನು ಇಳಿಸುತ್ತಿದ್ದ, ಒರೆಸುತ್ತಿದ್ದ, ಚಾರ್ಜಿಗೆ ಹಾಕುತ್ತಿದ್ದ. ಸೆಟ್ಟಿಂಗಿಗೆ ಹೋಗಿ ನಲವತ್ತನ್ನು ಅಳಿಸಲು ಮಾತ್ರ ಕೈ ಬರುತ್ತಿರಲಿಲ್ಲ.

ಅಪ್ಪ ಕುರಿಗಳ ಜೊತೆ ಹೆಚ್ಚು ಹೊತ್ತು ಇರತೊಡಗಿದ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಒಂದೊಂದು ಕುರಿಯ ಬೆನ್ನನ್ನೂ ಮುಟ್ಟಿ ಎಣಿಸುತ್ತಿದ್ದ. ಮುಗಿದ ಮೇಲೆ ಅನುಮಾನದಿಂದ ಒಳಗೆ ಹೋಗಿ ಇನ್ನೊಮ್ಮೆ ಎಣಿಸುತ್ತಿದ್ದ. ಮೊದಲು ಹಾಗೆ ಮಾಡಿದವನಲ್ಲ. ಒಂದು ಸಂಜೆ ಅದೂ ಸಾಲದಾಯಿತು.

"ಲೇ ರವಿ, ಬಾರೋ ಇಲ್ಲಿ. ನೀನೊಂದ್ ಸಲ ಎಣಿಸು. ನನ್ನ ಲೆಕ್ಕ ನಂಬಂಗಿಲ್ಲ."

ರವಿಕುಮಾರ ಹಟ್ಟಿಯೊಳಗೆ ಹೋದ. ಕತ್ತಲಾಗುತ್ತಿತ್ತು. ಕುರಿಗಳು ಒತ್ತಿಕೊಂಡು ನಿಂತಿದ್ದವು, ಮೈಯ ಬಿಸಿ ಕಾಲಿಗೆ ತಾಗುತ್ತಿತ್ತು. ಅವನು ಮೂಲೆಯಿಂದ ಮೂಲೆಗೆ ಎಣಿಸಿದ. ಅಪ್ಪ ಹೇಳಿದ ಲೆಕ್ಕವೇ ಬಂತು. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆ ಇರಲಿಲ್ಲ.

"ಸರಿಯಾಗಿದೆ ಅಪ್ಪ," ಎಂದ.

"ಹೌದಾ? ನಿಜ್ವಾಗ್ಲೂ?" ಅಪ್ಪ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ. "ಹೆಂಗೋ ಸರಿ ಬಂತು ಬಿಡು."

ಹಟ್ಟಿಯ ಅಗುಳಿ ಹಾಕಿ ಇಬ್ಬರೂ ಮನೆಯ ಕಡೆ ನಡೆದರು. ಕೆರೆಯ ತಳದಲ್ಲಿ ಎಣಿಸಿದ್ದೂ ಸರಿಯಾಗಿಯೇ ಇತ್ತು ಎಂದು ರವಿಕುಮಾರ ಅಪ್ಪನಿಗೆ ಹೇಳಲಿಲ್ಲ, ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.