ಅಂಟು ಒಣಗುವ ಹೊತ್ತು

ನಾನು ಅವಸರದವಳು. ಅಪ್ಪ ಒಂದು ಮಾತು ಶುರುಮಾಡಿದರೆ ಅದನ್ನು ನಾನೇ ಮುಗಿಸಿ ಪಕ್ಕದ ಕೋಣೆಗೆ ಹೋಗಿರುತ್ತೇನೆ. ಇಂಥವಳ ಕೈಗೆ ವಿಡಿಯೊ ಎಡಿಟಿಂಗ್ ಕೆಲಸ ಸಿಕ್ಕಿದ್ದು ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತೆ.

ಅಪ್ಪ ಕುರ್ಚಿ ರಿಪೇರಿ ಮಾಡುವವನು. ಅವನ ಕೆಲಸದಲ್ಲಿ ಬಡಿಯುವುದಕ್ಕಿಂತ ಕಾಯುವುದೇ ಹೆಚ್ಚು. ಕಾಲಿನ ಕೀಲಿಗೆ ಅಂಟು ಹಚ್ಚಿ, ಹಗ್ಗ ಬಿಗಿದು, ಪಕ್ಕದಲ್ಲಿ ಕೂತುಬಿಡುತ್ತಾನೆ. ಇಪ್ಪತ್ತನಾಲ್ಕು ಗಂಟೆ ಯಾರೂ ಅದರ ಮೇಲೆ ಕೂರುವಂತಿಲ್ಲ. ಹತ್ತಿರ ಗಟ್ಟಿಯಾಗಿ ಮಾತಾಡುವಂತೆಯೂ ಇಲ್ಲ, ಮಗು ಮಲಗಿದ ಮನೆಯಲ್ಲಿರುವ ಹಾಗೆ ಪಿಸುಗುಟ್ಟಬೇಕು. ಯಾಕೆ ಎಂದು ಕೇಳಿದರೆ, "ಅದಕ್ಕೂ ನೆಮ್ಮದಿ ಬೇಡ್ವೇನಮ್ಮ?" ಎನ್ನುತ್ತಾನೆ.

ಇದಕ್ಕೆಲ್ಲ ಮೂಲ ಅಪ್ಪನ ಅಕ್ಕ, ಅಂದರೆ ನಮ್ಮತ್ತೆ. ಹನ್ನೆರಡು ವರ್ಷದವನಿದ್ದಾಗ ಅಪ್ಪ ಮನೆಯ ಕುರ್ಚಿಯೊಂದನ್ನು ಸರಿಮಾಡಿದೆನೆಂದು ಬೀಗಿ, ಅರ್ಧ ಗಂಟೆಗೇ ಅಕ್ಕನನ್ನು ಅದರಲ್ಲಿ ಕೂರಿಸಿದ್ದ. ಮನೆ ತುಂಬ ನೆಂಟರು. ಅತ್ತೆ ಕಾಲು ಮೇಲೆ ಮಾಡಿ ಬಿದ್ದರು. ಮೂಳೆ ಉಳಿಯಿತು, ಮಾನ ಹೋಯಿತು. ಅಂದಿನಿಂದ ನಲವತ್ತು ವರ್ಷ, ತಮ್ಮ ಮುಟ್ಟಿದ ಕುರ್ಚಿಯ ಮೇಲೆ ಅವರು ಕೂತಿಲ್ಲ. ನಮ್ಮಲ್ಲಿಗೆ ಬಂದರೆ ಕಂಕುಳಲ್ಲಿ ತಮ್ಮದೇ ಮಡಚುವ ಕಬ್ಬಿಣದ ಸ್ಟೂಲು ಇರುತ್ತದೆ. ನಾನು ಬೆನ್ನ ಹಿಂದೆ ಅವರನ್ನು ಸ್ಟೂಲತ್ತೆ ಎನ್ನುತ್ತೇನೆ. ಅಪ್ಪ ಮಾತ್ರ ನಗುವುದಿಲ್ಲ. ಊರೆಲ್ಲ ಅವನ ಕುರ್ಚಿಗಳ ಮೇಲೆ ಕೂತಿದೆ. ಅಕ್ಕ ಒಂದು ಸಲ ಕೂತರೆ ಸಾಕು ಎನ್ನುವುದೊಂದೇ ಅವನ ಆಸೆ.

ಕುರ್ಚಿ ರಿಪೇರಿಯ ವಿಡಿಯೊ ಹಾಕೋಣವೆಂದು ಹೊರಟವಳು ನಾನೇ. ಮೊದಲನೆಯದನ್ನು ಹಾಗೇ ಹಾಕಿದೆವು. ಎಷ್ಟು ಜನ ನೋಡುತ್ತಿದ್ದಾರೆಂದು ತೋರಿಸುವ ಗೆರೆ ಮೂರನೇ ನಿಮಿಷಕ್ಕೆ ನೆಲಕಚ್ಚಿತು.

"ಅಪ್ಪ, ಜನ ಓಡಿಹೋಗ್ತಿದ್ದಾರೆ."

"ಎಲ್ಲಿಗೆ?"

"ಬೇರೆ ವಿಡಿಯೊಗೆ."

"ಹೋಗ್ಲಿ ಬಿಡು. ಒಣಗೋ ಹೊತ್ತಿಗೆ ಬರ್ತಾರೆ."

ಬಂದ ಹಾಗೇ! ಎರಡನೆಯ ವಿಡಿಯೊಗೆ ನಾನು ಅಪ್ಪನನ್ನು ಕೇಳಲೇ ಇಲ್ಲ. ಸದ್ದಿಲ್ಲದ ಜಾಗವನ್ನೆಲ್ಲ ತಾನೇ ಹುಡುಕಿ ಕತ್ತರಿಸುವ ಗುಂಡಿಯೊಂದಿದೆ, ಅದನ್ನು ಒತ್ತಿದೆ. ಒಂದೂವರೆ ಗಂಟೆಯ ವಿಡಿಯೊ ನಲವತ್ತೆಂಟು ಸೆಕೆಂಡಾಯಿತು. ಕಾಲು ಕೂರುವಲ್ಲಿ ಒಂದು 'ಢಂ' ಸೇರಿಸಿದೆ. ಅಂಟು, ಹಗ್ಗ, ಢಂ, ಕೊನೆಗೆ ಕುರ್ಚಿಯ ಮೇಲೆ ಕೂತು ನಗುವ ಅಪ್ಪ. ಆ ನಗು ಮರುದಿನದ್ದು ಎಂದು ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ. ನೆಂಟರಿಷ್ಟರೆಲ್ಲ ನೋಡಿದರು, ಹಂಚಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಅತ್ತೆ ಅಪ್ಪನ ಅಂಗಡಿಗೆ ನುಗ್ಗಿದರು. ಒಂದು ಕಂಕುಳಲ್ಲಿ ಸ್ಟೂಲು, ಇನ್ನೊಂದು ಕೈಯಲ್ಲಿ ಒಂಟಿ ಕುರ್ಚಿಕಾಲು.

"ಕೂತ್ಕೊಳ್ಳಿ ಅತ್ತೆ," ಎಂದೆ.

"ಕೂರೋಕೆ ಬಂದಿಲ್ಲ ಕಣೇ, ಜಗಳಕ್ಕೆ ಬಂದಿದ್ದೀನಿ!" ಸ್ಟೂಲನ್ನು ಗೋಡೆಗೊರಗಿಸಿ ಕುರ್ಚಿಕಾಲನ್ನು ಅಪ್ಪನ ಮೂಗಿನ ಮುಂದೆ ಹಿಡಿದರು. "ಇವನ ಕೈ ನಂಬಲ್ಲ, ನನ್ನ ಕೈ ನಂಬ್ತೀನಿ ಅಂತ ವಿಡಿಯೊ ನೋಡ್ಕೊಂಡು ನಾನೇ ಅಂಟಿಸ್ದೆ. ಅವನ ಹಾಗೇ ಕೂತೆ, ನಕ್ಕೆ. ನಗು ಮುಗಿಯೋದ್ರೊಳಗೆ ನೆಲದ ಮೇಲಿದ್ದೆ! ನಲವತ್ತು ವರ್ಷ ಆದ್ಮೇಲೆ ಮತ್ತೆ ಬೀಳಿಸಿದ್ಯಲ್ಲೋ!"

ಅಪ್ಪನ ಮುಖ ಬಿಳುಚಿತು. "ನಾಳೆವರೆಗೂ ಕೂರಬೇಡಿ ಅಂತ ಹೇಳಿದ್ದೆ ಅಕ್ಕ."

"ಎಲ್ಲಿ ಹೇಳಿದ್ದೆ?"

ನನಗೆ ಆಗ ಹೊಳೆಯಿತು. ಅಪ್ಪ ಹೇಳಿದ್ದ, ಆದರೆ ಪಿಸುಗುಟ್ಟಿದ್ದ. ಗುಂಡಿ ಅದನ್ನೂ ಮೌನವೆಂದೇ ಎಣಿಸಿ ಕತ್ತರಿಸಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಲವತ್ತು ವರ್ಷ ಅಪ್ಪ ಕಾದದ್ದನ್ನು ನಾನು ನಲವತ್ತೆಂಟು ಸೆಕೆಂಡಿನಲ್ಲಿ ಹಾಳುಮಾಡಿದ್ದೆ.

"ತಪ್ಪು ನಂದು ಅತ್ತೆ. ಪೂರ್ತಿ ವಿಡಿಯೊ ತೋರಿಸ್ತೀನಿ," ಎಂದು ಕಂಪ್ಯೂಟರಿನ ಸದ್ದನ್ನು ಪೂರಾ ಏರಿಸಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ನಿಂತೇ ನೋಡಿದರು. ಪರದೆಯ ಮೇಲೆ ಅಪ್ಪ ಅಂಟು ಹಚ್ಚಿ, ಹಗ್ಗ ಬಿಗಿದು, "ನಾಳೆ ಇಷ್ಟೊತ್ತಿನವರೆಗೂ ಯಾರೂ ಕೂರಬೇಡಿ" ಎಂದು ಪಿಸುಗುಟ್ಟಿದ. ಅತ್ತೆ "ಹೂಂ" ಎಂದರು. ಆಮೇಲೆ ಅಪ್ಪ ಸುಮ್ಮನೆ ಕೂತ. ಅತ್ತೆಯೂ ಸುಮ್ಮನೆ ನೋಡಿದರು. ಮುಂದಕ್ಕೆ ಓಡಿಸಲೇ ಎಂದು ಕೇಳಿದ್ದಕ್ಕೆ ನನ್ನ ಕೈಗೊಂದು ಏಟು ಬಿತ್ತು. ಒಂದು ಗಂಟೆಯ ಮೇಲೆ ಅಪ್ಪ ಕುರ್ಚಿಯ ಕಡೆ ಬಾಗಿ, ನಾನೂ ಕೇಳಿರದ ಮಾತೊಂದನ್ನು ಅದಕ್ಕೇ ಹೇಳಿದ.

"ಅವತ್ತು ಕಾಯ್ಲಿಲ್ಲ ನಾನು. ಅಕ್ಕ ಶಭಾಷ್ ಅನ್ಲಿ ಅಂತ ಅವಸರ."

ಅತ್ತೆ ಸೊಂಟದ ಮೇಲಿನ ಕೈ ಇಳಿಸಿದರು. ಕಣ್ಣು ಪರದೆಯ ಮೇಲೇ ಇದ್ದಂತೆ ಕೈ ಹಿಂದಕ್ಕೆ ತಡಕಾಡಿ, ಸಿಕ್ಕಿದ್ದರ ಮೇಲೆ ಕೂತುಬಿಟ್ಟರು. ಸಿಕ್ಕಿದ್ದು ರಿಪೇರಿಗೆ ಬಂದು, ಕಾಲಿಗೆ ಹಗ್ಗ ಸುತ್ತಿಕೊಂಡು ನಿಂತಿದ್ದ ದರ್ಜಿಯ ಕುರ್ಚಿ.

"ಅಕ್ಕ, ಅಲ್ಲಾಡಬೇಡ!" ಅಪ್ಪ ಪಿಸುಗುಟ್ಟುತ್ತ ಬಂದು ಕುರ್ಚಿಯ ಹಿಂಗಾಲು ಹಿಡಿದ. "ನಿನ್ನೆ ನಾಲ್ಕಕ್ಕೆ ಅಂಟು ಹಾಕಿದ್ದು. ಇನ್ನೂ ಹತ್ತು ನಿಮಿಷ ಇದೆ."

"ಏಳ್ಲೇನೋ?" ಅತ್ತೆಯೂ ಪಿಸುಗುಟ್ಟಿದರು.

"ಬೇಡ. ಎದ್ರೆ ಕೀಲು ಅಲುಗತ್ತೆ."

ಹತ್ತು ನಿಮಿಷ ಅತ್ತೆ ಫೋಟೊಗೆ ಕೂತವರಂತೆ ಕೂತರು. ಅಪ್ಪ ನೆಲದಲ್ಲಿ ಮಂಡಿಯೂರಿ ಕುರ್ಚಿಯ ಕಾಲು ಬಿಡಲಿಲ್ಲ. ಅತ್ತೆಗೆ ಸೀನು ಬಂತು, ನಾನು ಓಡಿಹೋಗಿ ಅವರ ಮೂಗು ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಇನ್ನೊಂದಿಲ್ಲ, ಅದರಲ್ಲಿ ಒಂದು ಸೆಕೆಂಡನ್ನೂ ನಾನು ಕತ್ತರಿಸಲಾರೆ.

ನಾಲ್ಕು ಹೊಡೆಯಿತು. ಅಪ್ಪ ಕೈ ಬಿಟ್ಟ. ಕುರ್ಚಿ ನಿಂತಿತು. ಅತ್ತೆ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಅದರ ಮೇಲೆ ಕುಲುಕಿ ನೋಡಿದರು. ಕುರ್ಚಿ ಕಿರ್ ಎನ್ನಲಿಲ್ಲ.

"ಶಭಾಷ್ ಕಣೋ," ಎಂದರು ಅಂಗಡಿಯೇ ಅದುರುವಂತೆ.

ಸಂಜೆಯವರೆಗೂ ಅಲ್ಲೇ ಕೂತಿದ್ದು, ಹೋಗುವಾಗ ಸ್ಟೂಲನ್ನು ಮರೆತೇ ಹೋದರು. ಅಪ್ಪ ಅದನ್ನು ಬಿಡಿಸಿಟ್ಟು, ಕಣ್ಣೊರೆಸಿಕೊಂಡು, ಉಸ್ಸೆಂದು ಅದರ ಮೇಲೆ ಕೂತ. ಸ್ಟೂಲು ಮಡಚಿಕೊಂಡಿತು. ಅಪ್ಪ ಕಾಲು ಮೇಲೆ ಮಾಡಿ ನೆಲಕ್ಕೆ ಬಿದ್ದ, ಬಿದ್ದಲ್ಲಿಂದಲೇ ನನ್ನ ಕಡೆ ಬೆರಳೆತ್ತಿದ.

"ಇದನ್ನ ಬೇಕಾದ್ರೆ ಕತ್ತರಿಸು," ಎಂದ.